ಸರಿಸಬಹುದಾದ ಗುರಿ

ಮರಕ್ಕೆ ನಂಬರಿನ ಬಿಲ್ಲೆ ಹೊಡೆಯಲು ಲೈಲ್ ಹಾಸ್ಟೆಟ್ಲರ್ ಸುತ್ತಿಗೆ ಎತ್ತಿದ್ದೇ ತಡ, ಹಿಂದಿನಿಂದ ತಣ್ಣೀರು ಬಂದು ಬೆನ್ನಿಗೆ ರಪ್ಪನೆ ಬಡಿಯಿತು. ಕಾಲರಿನೊಳಗೆ ಇಳಿದು, ಬೆನ್ನಿನಗುಂಟ ಹರಿದು, ಪ್ಯಾಂಟಿನೊಳಗೂ ಸೇರಿತು. ತಿರುಗಿ ನೋಡಿದರೆ ಟ್ರೇಲರ್ ಮನೆಯ ಮೆಟ್ಟಿಲ ಮೇಲೆ ಎಪ್ಪತ್ತು ದಾಟಿದ ಹೆಂಗಸೊಬ್ಬಳು ಗಿಡಕ್ಕೆ ನೀರು ಬಿಡುವ ಪೈಪನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ಟಿದ್ದಳು. ಕೈತಪ್ಪಿತು ಎಂಬ ನಾಟಕವನ್ನೇನೂ ಆಡಲಿಲ್ಲ.

“ಒಂದೇಟು ಹೊಡೆದ್ರೂ ಮುಖಕ್ಕೇ ಬಿಡ್ತೀನಿ,” ಅಂದಳು.

“ಅಮ್ಮಾ, ನಾನು ಮರ ನೋಡೋಕೆ ಬಂದಿರೋನು. ಕಂಪನಿಯವರು ಕಳಿಸಿದಾರೆ.”

“ನೀನ್ಯಾರು ಅಂತ ಗೊತ್ತು ಕಣಯ್ಯ. ಅದಕ್ಕೇ ನೀರು ಬಿಟ್ಟಿದ್ದು. ಪೋಸ್ಟ್‌ಮ್ಯಾನ್ ಆಗಿದ್ರೆ ಬಿಡ್ತಿದ್ನಾ?”

ಲೈಲ್ ಟೋಪಿ ತೆಗೆದು ನೀರು ಕೊಡವಿದ. ಅವನಿಗೆ ಅರವತ್ತೊಂದು. ಶಾಲೆ, ಸ್ಮಶಾನ, ಚರ್ಚು, ಊರಿನ ಉದ್ಯಾನ ಎನ್ನದೆ ಕಂಡಕಂಡಲ್ಲಿ ಮರ ತಪಾಸಣೆ ಮಾಡಿ ವರದಿ ಬರೆದುಕೊಡುವ ಕೆಲಸವನ್ನು ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದ. ಬೈಸಿಕೊಳ್ಳುವುದು ಅವನಿಗೆ ಹೊಸದಲ್ಲ. ಮರ ಉಳಿಸು ಎಂದವರೂ ಬೈಯುತ್ತಾರೆ, ಕಡಿಸು ಎಂದವರೂ ಬೈಯುತ್ತಾರೆ. ಆದರೆ ಈ ವರ್ಷದ ಬೈಗುಳ ಬೇರೆಯೇ ತರದ್ದಾಗಿತ್ತು. ಅಮೆರಿಕದ ಇಂಡಿಯಾನಾ ರಾಜ್ಯದ ಉತ್ತರ ಭಾಗದಲ್ಲಿ ಒಂಬತ್ತು ಟ್ರೇಲರ್ ಕಾಲೋನಿಗಳನ್ನು ಒಂದು ಕಂಪನಿ ಒಟ್ಟಿಗೆ ಕೊಂಡುಕೊಂಡಿತ್ತು. ಮನೆಗಳು ಅಲ್ಲಿನವರವು, ಅವು ನಿಂತ ನೆಲ ಮಾತ್ರ ಕಂಪನಿಯದು. ಒಂದೊಂದು ಮರವನ್ನೂ ಪರೀಕ್ಷಿಸಿ ವರದಿ ಕೊಡದಿದ್ದರೆ ವಿಮೆ ಇಲ್ಲ ಎಂದು ವಿಮೆಯವರು ಪಟ್ಟು ಹಿಡಿದರು. ಹಾಗಾಗಿ ಲೈಲ್‌ಗೆ ಕೆಲಸ ಬಂತು. ಐದು ಕಾಲೋನಿ ಮುಗಿದಿತ್ತು. ಇದು ಆರನೆಯದು, ಪಿಕರೆಲ್ ಕಾಲೋನಿ.

ಬೆಳಿಗ್ಗೆ ಎಂಟಕ್ಕೆ ಬಂದವನಿಗೆ ಮೊದಲ ಸ್ವಾಗತ ಪಿಕಪ್‌ನ ಗಾಜಿಗೆ ಬಿದ್ದ ಮೊಟ್ಟೆಯಿಂದ ಆಗಿತ್ತು. ಒಂಬತ್ತರ ಹೊತ್ತಿಗೆ ಯಾರೋ ಅವನು ಹೊಡೆದಿದ್ದ ಬಿಲ್ಲೆಗಳನ್ನೆಲ್ಲ ಕಿತ್ತು, ಮೊಳೆ ಸಮೇತ, ಬಾನೆಟ್ಟಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರು. ಲೈಲ್ ಎಲ್ಲವನ್ನೂ ಮತ್ತೆ ಹೊಡೆದ. ನೆರಳು ಹೋಗುತ್ತದೆಂದು ಸಿಟ್ಟಿರಬೇಕು ಅಂದುಕೊಂಡ. ಒಳಗೊಳಗೆ ನೋವೂ ಆಯಿತು. ಯಾಕೆಂದರೆ ಅವನು ಮರ ಕಡಿಸುವವನೇ ಅಲ್ಲ. ಕೈಲಾದಷ್ಟೂ ಮರ ಉಳಿಸಿದವನು. ತನ್ನ ಬಗ್ಗೆ ಅವನಿಗಿದ್ದ ಹೆಮ್ಮೆಯೆಂದರೆ ಅದೊಂದೇ.

“ಸರಿ, ತಟ್ಟು,” ಎಂದಳು ಹೆಂಗಸು. ಪೈಪು ಕೆಳಗಿಟ್ಟಳು, ನಲ್ಲಿ ಮಾತ್ರ ನಿಲ್ಲಿಸಲಿಲ್ಲ. ಅಂಚೆಪೆಟ್ಟಿಗೆಯ ಮೇಲೆ ವಾನೀಟಾ ಪ್ರೂಯಿಟ್ ಎಂದು ಹೆಸರಿತ್ತು. “ತಟ್ಟಿ ನೋಡು. ಏನ್ ಹೇಳುತ್ತೋ ನಾನೂ ಕೇಳ್ತೀನಿ.”

ಲೈಲ್ ರಬ್ಬರಿನ ಕೊಡತಿ ತೆಗೆದು ಮರದ ಬುಡದ ಸುತ್ತ ತಟ್ಟುತ್ತ ಹೋದ. ಅದೊಂದು ಹಳೆಯ ಸಿಲ್ವರ್ ಮೇಪಲ್. ಎದೆಮಟ್ಟದಲ್ಲಿ ಟೇಪು ಸುತ್ತಿ ಲೆಕ್ಕ ಹಾಕಿದರೆ ಅಡ್ಡಗಲವೇ ಮೂವತ್ತೆಂಟು ಅಂಗುಲ. ಉತ್ತರದ ಕಡೆ ಗಟ್ಟಿ ಸದ್ದು ಬಂತು. ಮನೆಯ ಕಡೆಗೆ ಬಂದ ಹಾಗೆ ಸದ್ದು ಡಬಡಬ ಎನ್ನತೊಡಗಿತು. ಸೂಜಿಯಂತೆ ತೆಳ್ಳಗಿನ ಡ್ರಿಲ್ ಇಳಿಸಿದ. ಎರಡೂವರೆ ಅಂಗುಲ ಬಿಗಿಯಾಗಿ ಹೋಗಿ, ಆಮೇಲೆ ಸುಮ್ಮನೆ ಜಾರಿತು. ಒಳಗೆ ಏನೂ ಇರಲಿಲ್ಲ. ಮೇಲೆ ತೊಡೆಗಿಂತ ದಪ್ಪನೆಯ ಮೂರು ಕೊಂಬೆಗಳು ವಾನೀಟಾಳ ಮಲಗುವ ಕೋಣೆಯ ತಗಡಿನ ಮಾಡಿನ ಮೇಲೆ ಚಾಚಿಕೊಂಡಿದ್ದವು.

“ಟೊಳ್ಳಾಗಿದೆ,” ಅಂದ.

“ಅದೇನು ದೊಡ್ಡ ಸುದ್ದಿ! ಹತ್ತು ವರ್ಷದಿಂದ ರಕೂನು ಅದರೊಳಗೇ ಮರಿ ಹಾಕ್ತಿದೆ. ಹೇಳು, ನನ್ನನ್ನ ಎಲ್ಲಿಗೆ ಸರಿಸ್ತೀಯ?”

“ನಿಮ್ಮನ್ನ ಯಾಕೆ ಸರಿಸ್ಲಿ? ನಾನು ಯಾರನ್ನೂ ಸರಿಸೋನಲ್ಲಮ್ಮ. ಮರ ನೋಡ್ತೀನಿ, ಬರೀತೀನಿ, ಹೋಗ್ತೀನಿ.”

ವಾನೀಟಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮುಖ ತಿರುಗಿಸದೆಯೇ ಕೂಗಿದಳು: “ಆರ್ಲೀನ್! ಆ ಕಾಗದ ಕೊಡೇ ಇಲ್ಲಿ. ಇವರಿಗೆ ಏನೂ ಗೊತ್ತಿಲ್ವಂತೆ, ಪಾಪ!”

ಜಾಲರಿ ಬಾಗಿಲು ಎರಡು ಗೇಣು ತೆರೆಯಿತು. ಒಂದು ಕೈ ಮಾತ್ರ ಹೊರಗೆ ಬಂದು ಮಡಿಸಿದ ಕಾಗದ ಕೊಟ್ಟು ಒಳಗೆ ಹೋಯಿತು.

ಅದು ಏಪ್ರಿಲ್ ತಿಂಗಳಲ್ಲಿ ಕಂಪನಿ ಕಳಿಸಿದ್ದ ನೋಟೀಸು. ಲೈಲ್ ಆಗಲೇ ಮುಗಿಸಿದ್ದ ಹೊಯ್ಟ್ ರೋಡ್ ಕಾಲೋನಿಯ ಆರ್ಲೀನ್ ಸ್ಟಿಡಮ್ ಎಂಬುವವರಿಗೆ: ಮರದ ತಜ್ಞರ ಶಿಫಾರಸಿನಂತೆ ತಾವು ಮೂವತ್ತು ದಿನಗಳಲ್ಲಿ ತಮ್ಮ ಮನೆಯನ್ನು ಸ್ವಂತ ಖರ್ಚಿನಲ್ಲಿ ಆ ಜಾಗದಿಂದ ತೆಗೆಯತಕ್ಕದ್ದು. ಅದಕ್ಕೆ ಒಂದು ಹಾಳೆ ಪಿನ್ ಮಾಡಿತ್ತು. ಹಾಳೆ ಲೈಲ್‌ನದು. ಅಕ್ಷರವೂ ಅವನದೇ, ಸಹಿಯೂ ಅವನದೇ. ಮರದ ನಂಬರು 217.

ಮರ ಬಿದ್ದರೆ ಯಾವುದರ ಮೇಲೆ ಬೀಳುತ್ತದೋ ಅದಕ್ಕೆ ಈ ಕಸುಬಿನವರು ‘ಗುರಿ’ ಎನ್ನುತ್ತಾರೆ. ಮರ ಎಷ್ಟೇ ಟೊಳ್ಳಾಗಿರಲಿ, ಕೆಳಗೆ ಗುರಿ ಇಲ್ಲದಿದ್ದರೆ ಅಪಾಯವೂ ಇಲ್ಲ. ಅದಕ್ಕೇ ನಮೂನೆಯಲ್ಲಿ ಒಂದು ಪ್ರಶ್ನೆ ಇರುತ್ತದೆ: ಗುರಿಯನ್ನು ಸರಿಸಲು ಆಗುತ್ತದೆಯೇ? ಪಕ್ಕದಲ್ಲಿ ಎರಡು ಚೌಕ, ಆಗುತ್ತದೆ, ಆಗುವುದಿಲ್ಲ. ಉದ್ಯಾನಗಳಲ್ಲಿ ಗುರಿ ಎಂದರೆ ಕಲ್ಲಿನ ಬೆಂಚು, ಉಯ್ಯಾಲೆ, ಊಟದ ಮೇಜು. ಲೈಲ್ ಇಪ್ಪತ್ತೆರಡು ವರ್ಷ ‘ಆಗುತ್ತದೆ’ ಎಂಬ ಚೌಕಕ್ಕೆ ಟಿಕ್ ಹಾಕಿ ಹಾಕಿ ನೂರಾರು ಮುದಿ ಮರಗಳನ್ನು ಗರಗಸದ ಬಾಯಿಂದ ತಪ್ಪಿಸಿದ್ದ. ಬೆಂಚನ್ನು ಇಪ್ಪತ್ತಡಿ ಆಚೆ ಹಾಕಿ, ಮರವನ್ನು ಅದರ ಪಾಡಿಗೆ ಬಿಡಿ, ಎಂದು ಸಭೆಗಳಲ್ಲಿ ಭಾಷಣ ಬೇರೆ ಮಾಡುತ್ತಿದ್ದ. ಈ ವರ್ಷವೂ ಅದೇ ಕೈ ಅದೇ ಚೌಕಕ್ಕೆ ಹೋಗಿತ್ತು. ಟ್ರೇಲರ್ ಎಂದರೆ ಚಕ್ರದ ಮೇಲೆ ಬಂದ ಮನೆ, ಚಕ್ರದ ಮೇಲೆಯೇ ಹೋಗುತ್ತದೆ, ಅದರಲ್ಲಿ ಯೋಚಿಸುವುದೇನಿದೆ? 217ನೇ ಮರದ ಹಾಳೆಯಲ್ಲಿ, ಗುರಿ: ವಾಸದ ಟ್ರೇಲರ್, ಒಂದು. ಸರಿಸಲು: ಆಗುತ್ತದೆ. ಟಿಕ್ ಗುರುತಿನ ಬಾಲ ಚೌಕದಿಂದ ಹೊರಗೆ ಉದ್ದಕ್ಕೆ ಎಳೆದಿತ್ತು. ಅವಸರದಲ್ಲಿ ಹಾಕಿದ್ದೆಂದು ನೋಡಿದರೇ ತಿಳಿಯುತ್ತಿತ್ತು.

“ಬಗ್ಗು,” ಎಂದಳು ವಾನೀಟಾ.

“ಏನು?”

“ಬಗ್ಗಿ ನೋಡಯ್ಯ ಅಂದೆ! ಮರದ ಬುಡ ಮೂಸೋಕೆ ಬಗ್ತೀಯ, ಮನೆ ಬುಡ ನೋಡೋಕೆ ಸೊಂಟ ಹಿಡಿಯುತ್ತಾ?”

ಮನೆಯ ಅಡಿಯನ್ನು ಮುಚ್ಚಿದ್ದ ತಗಡನ್ನು ಅವಳೇ ಕಿತ್ತು ಪಕ್ಕಕ್ಕೆ ಎಸೆದಳು. ಲೈಲ್ ಒದ್ದೆ ನೆಲಕ್ಕೆ ಮೊಣಕಾಲೂರಿ ಟಾರ್ಚು ಬಿಟ್ಟ. ಚಕ್ರಗಳಿರಲಿಲ್ಲ. ಇದ್ದ ಒಂದು ಅಚ್ಚು ತುಕ್ಕು ಹಿಡಿದು ಪದರಪದರವಾಗಿ ಉದುರಿತ್ತು. ಮನೆ ಸಿಮೆಂಟ್ ಇಟ್ಟಿಗೆಗಳ ಮೇಲೆ ಕೂತಿತ್ತು. ಎರಡು ಇಟ್ಟಿಗೆ ಗುಡ್ಡೆಗಳ ನಡುವೆ ಮೇಪಲ್ಲಿನ ಬೇರೊಂದು ತೋಳಿನಷ್ಟು ದಪ್ಪಕ್ಕೆ ಬೆಳೆದು, ಅಚ್ಚಿನ ಕೆಳಗೆ ನುಗ್ಗಿ, ಅದನ್ನು ಒಂದಿಷ್ಟು ಮೇಲಕ್ಕೇ ಎತ್ತಿತ್ತು. ನೆಲದ ಹಲಗೆಗಳು ನೆನೆದು ಜೋತುಬಿದ್ದಿದ್ದವು.

“ಎಪ್ಪತ್ನಾಲ್ಕನೇ ಇಸವಿದು,” ಎಂದಳು ವಾನೀಟಾ. “ನನ್ನ ತಂಗಿ ಆರ್ಲೀನ್‌ದೂ ಅದೇ ವರ್ಷದ್ದು. ಜಾಕ್ ಹಾಕಿ ಎತ್ತಿದ್ರು, ಟ್ರಾಕ್ಟರಿಗೆ ಕಟ್ಟಿ ಎಳೆದ್ರು. ಅಡುಗೆಮನೆ ಟ್ರಾಕ್ಟರ್ ಜೊತೆ ಹೋಯ್ತು, ಮಲಗೋ ಕೋಣೆ ಅಲ್ಲೇ ಉಳೀತು. ನಡುವೆ ಇವಳು ಸ್ನಾನದ ಟವೆಲ್ ಹಿಡ್ಕೊಂಡು ನಿಂತಿದ್ಲು. ಇಡೀ ಕಾಲೋನಿ ನೋಡ್ತಿತ್ತು. ಅವತ್ತಿಂದ ನನ್ನ ಹಿಂದಿನ ಕೋಣೇಲಿ ಇದಾಳೆ. ಬಾಗಿಲಾಚೆ ಕಾಲಿಡಲ್ಲ.”

“ನನಗೆ ಗೊತ್ತಿರಲಿಲ್ಲ,” ಅಂದ ಲೈಲ್. ಹೇಳಿದ ಮೇಲೆ ಆ ಮಾತು ಎಷ್ಟು ಹಗುರ ಎಂದು ಅವನಿಗೇ ಅನ್ನಿಸಿತು.

“ಗೊತ್ತು ಮಾಡ್ಕೊಂಡಿದ್ರೆ ಗೊತ್ತಿರ್ತಿತ್ತು. ಇನ್ನೊಂದು ಸಂಗತೀನೂ ಗೊತ್ತಿರಲ್ಲ ನಿನಗೆ. ಹೊಯ್ಟ್ ರೋಡ್ ನಾಲ್ಕು ಮೈಲಿ. ಹೋಗು, ನಿನ್ನ ಮರ ಹೇಗಿದೆ ನೋಡ್ಕೊಂಡು ಬಾ. ಇಲ್ಲಿ ಏನ್ ಬರೀಬೇಕೋ ಆಮೇಲೆ ಬರಿ. ನಮಗೆ ಹೋಗೋಕೆ ಇನ್ನೊಂದು ಹಿಂದಿನ ಕೋಣೆ ಯಾರೂ ಇಟ್ಟಿಲ್ಲ.”

ಊಟದ ಹೊತ್ತಿನಲ್ಲಿ ಲೈಲ್ ಹೊಯ್ಟ್ ರೋಡಿಗೆ ಹೋದ. ಸ್ಯಾಂಡ್‌ವಿಚ್ ಬಿಚ್ಚಿದ್ದು ಹಾಗೇ ಪಕ್ಕದ ಸೀಟಿನ ಮೇಲೆ ಉಳಿಯಿತು. 217ನೇ ಮರ ನಿಂತಲ್ಲೇ ನಿಂತಿತ್ತು. ಅವನು ಹೊಡೆದ ಬಿಲ್ಲೆ ಬಿಸಿಲಿಗೆ ಹೊಳೆಯುತ್ತಿತ್ತು. ಕವಲಿನ ಬಿರುಕು ಏಪ್ರಿಲ್‌ಗಿಂತ ಅಗಲವಾಗಿತ್ತು, ಕೈಬೆರಳು ತೂರುವಷ್ಟು. ಅದರ ನೇರ ಕೆಳಗೆ, ಆರ್ಲೀನ್‌ಳ ಮನೆ ಇದ್ದ ಜಾಗದಲ್ಲೇ, ಎರಡರಷ್ಟು ಅಗಲದ ಹೊಚ್ಚಹೊಸ ಟ್ರೇಲರ್ ಕೂತಿತ್ತು. ಕಿಟಕಿಗಳ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಪೂರ್ತಿ ಕಿತ್ತಿರಲಿಲ್ಲ. ಹುಲ್ಲಿನ ಮೇಲೆ ಮಗುವಿನ ಮೂರು ಗಾಲಿ ಸೈಕಲ್ಲು ಮಗುಚಿ ಬಿದ್ದಿತ್ತು.

ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡ ಯುವತಿ ಹೊರಗೆ ಬಂದಳು. “ಕಂಪನಿಯವರಾ? ಅಂತೂ ಬಂದ್ರಲ್ಲ. ಸಿಂಕು ಸೋರ್ತಿದೆ ಅಂತ ಹೇಳಿ ಮೂರು ವಾರ ಆಯ್ತು.”

“ನಾನು ಮರದವನು ತಾಯಿ. ಈ ಕವಲು ಬಿಟ್ಟುಕೊಂಡಿದೆ. ಆ ಕಡೆ ಕೋಣೇಲಿ ಯಾರೂ ಮಲಗಬೇಡಿ. ಮಗೂನ ಇಲ್ಲಿ ಆಡೋಕೆ ಬಿಡಬೇಡಿ.”

ಯುವತಿಯ ಮುಖ ಗಂಟಾಯಿತು. “ಹೆದರಿಸೋಕೆ ಬಂದಿದೀರಾ? ಸೇರ್ಕೊಳ್ಳೋವಾಗ ಕೇಳಿದ್ವಿ ನಾವು. ತಜ್ಞರು ನೋಡಿದಾರೆ, ಎಲ್ಲ ಸರಿ ಮಾಡಿದೀವಿ, ಬೇಕಾದ್ರೆ ಬಿಲ್ಲೆ ನೋಡಿ ಅಂದ್ರು. ಯಾರ್ರೀ ಆ ತಜ್ಞ?”

ಲೈಲ್ ಬಿಲ್ಲೆಯ ಕಡೆ ನೋಡಿದ. “ನಾನೇ,” ಅಂದ.

ಅವಳು ಮಗುವನ್ನು ಒಳಗೆ ಎತ್ತಿಕೊಂಡು ಹೋಗಿ ಬಾಗಿಲು ಹಾಕಿದಳು. ಒಳಗಿಂದ ಚಿಲಕದ ಸದ್ದು ಕೇಳಿತು. ಲೈಲ್ ಪಿಕಪ್ ಹತ್ತಿದ. ಕಂಪನಿಯ ಮೇಲೆ ಸಿಟ್ಟು ಬಂದಿತ್ತು, ನಿಜ. ಅದಕ್ಕಿಂತ ಹತ್ತು ಪಟ್ಟು ಸಿಟ್ಟು ತನ್ನ ಮೇಲೇ ಬಂದಿತ್ತು. ಐದು ಕಾಲೋನಿ, ಎಷ್ಟು ಮರ, ಎಷ್ಟು ಟಿಕ್! ಒಂದು ಮನೆಯ ಬಾಗಿಲನ್ನಾದರೂ ತಟ್ಟಿದ್ದನೇ? ಮರಗಳನ್ನು ಮಾತ್ರ ತಟ್ಟಿಕೊಂಡು ಬಂದಿದ್ದ.

ಅಲ್ಲಿಂದಲೇ ಕಂಪನಿಯ ಮ್ಯಾನೇಜರ್ ಕ್ರೇಗ್ ಡನ್‌ಲೀವಿಗೆ ಫೋನ್ ಮಾಡಿದ.

“217ರ ಕೆಳಗೆ ಹೊಸ ಮನೆ ಇಟ್ಟಿದೀರ,” ಅಂದ.

“ಹೌದು. ಏನೀಗ?” ಡನ್‌ಲೀವಿ ಏನನ್ನೋ ಅಗಿಯುತ್ತಿದ್ದ. “ಗುರಿ ಸರಿಸು ಅಂದಿದ್ರಿ, ಸರಿಸಿದ್ವಿ. ಬಹಳ ಚೆನ್ನಾಗಿ ಬರ್ದಿದ್ರಿ. ನಮ್ಮ ವಕೀಲರೂ ಹೊಗಳಿದ್ರು.”

“ಒಂದು ಗುರಿ ತೆಗೆದು ಇನ್ನೊಂದು ಇಡಿ ಅಂತ ನಾನು ಬರೀಲಿಲ್ಲ.”

“ಇಡಬೇಡಿ ಅಂತಾನೂ ಬರೀಲಿಲ್ಲ ಅಲ್ವಾ ಸ್ವಾಮಿ?”

“ಪಿಕರೆಲ್‌ನಲ್ಲಿ ‘ಆಗುವುದಿಲ್ಲ’ ಅಂತ ಹಾಕ್ತೀನಿ. ಆ ಮನೆಗಳು ಕದಲೋ ಸ್ಥಿತೀಲಿ ಇಲ್ಲ. ಹಿಂದಿನ ಐದು ಕಾಲೋನಿ ಹಾಳೆಗಳನ್ನೂ ತಿದ್ದಿ ಕಳಿಸ್ತೀನಿ. ವಿಮೆಯವರಿಗೂ ಕಳಿಸ್ತೀನಿ.”

ಅಗಿಯುವ ಸದ್ದು ನಿಂತಿತು. “ನೋಡಿ ಹಾಸ್ಟೆಟ್ಲರ್, ‘ಆಗುತ್ತೆ’ ಅಂದ್ರೆ ಮನೆ ಸರಿಸೋದು ಅಲ್ಲಿರೋರ ಜವಾಬ್ದಾರಿ. ‘ಆಗಲ್ಲ’ ಅಂದ್ರೆ ಕ್ರೇನ್ ತರಿಸಿ ಮರ ಇಳಿಸೋ ಜವಾಬ್ದಾರಿ ನಮ್ಮ ತಲೆ ಮೇಲೆ ಬರುತ್ತೆ. ನೀವು ಮರ ಪ್ರೇಮಿ ಅಂತ ಹುಡುಕಿ ಕೆಲಸ ಕೊಟ್ಟಿದ್ದು. ಈಗ ನೀವೇ ಮರ ಕಡಿಸ್ತೀನಿ ಅಂತೀರಲ್ಲ, ನಾಚಿಕೆ ಆಗಲ್ವಾ?”

“ಆಗುತ್ತೆ.”

“ಹಾಗಾದ್ರೆ ಜಾಗ ಖಾಲಿ ಮಾಡಿ. ಟಿಕ್ ಹಾಕೋಕೆ ನೂರು ಜನ ಸಿಗ್ತಾರೆ.”

“ನನ್ನನ್ನ ಕೆಲಸದಿಂದ ತೆಗೆಯೋದಾದ್ರೆ ಬರವಣಿಗೇಲಿ ಕಳಿಸಿ. ಒಪ್ಪಂದದಲ್ಲಿ ಹಾಗೇ ಇದೆ. ಕಾಗದ ಕೈಗೆ ಬರೋವರೆಗೂ ನಾನು ಹಾಕಿದ ಸಹಿ ಸಹಿಯೇ.”

“ಸಂಜೆ ಐದಕ್ಕೆ ನಿಮ್ಮ ಕೈಲಿರುತ್ತೆ,” ಎಂದು ಡನ್‌ಲೀವಿ ಫೋನ್ ಇಟ್ಟ.

ಪಿಕರೆಲ್‌ಗೆ ವಾಪಸು ಬಂದಾಗ ಒಂದೂವರೆ. ಇನ್ನೂ ಮೂವತ್ತನಾಲ್ಕು ಮರ ಬಾಕಿ ಇದ್ದವು. ವಾನೀಟಾಳ ಮೇಪಲ್ಲಿನ ಬುಡದಲ್ಲಿ ನೀರು ನಿಂತು ಕೆಸರಾಗಿತ್ತು. ಪೈಪು ಇನ್ನೂ ಹರಿಯುತ್ತಲೇ ಇತ್ತು. ವಾನೀಟಾ ಮೆಟ್ಟಿಲ ಮೇಲೆ ಕೂತು ಅವನಿಗಾಗಿಯೇ ಕಾಯುತ್ತಿದ್ದಳು. ಬಾ ಎನ್ನಲಿಲ್ಲ.

ಲೈಲ್ ಹಲಗೆಗೆ ಹೊಸ ಹಾಳೆ ಸಿಕ್ಕಿಸಿಕೊಂಡು ಮರದ ಕೆಳಗೆ ನಿಂತ. ನಂಬರು, ಜಾತಿ, ದಪ್ಪ ತುಂಬಿದ. ಆ ಪ್ರಶ್ನೆಯ ಹತ್ತಿರ ಬಂದಾಗ ಪೆನ್ನು ನಿಂತಿತು. ಆಗುವುದಿಲ್ಲ ಎಂದರೆ ಈ ಮರ ಹೋಯಿತು. ಇದೊಂದೇ ಅಲ್ಲ, ಕಾಲೋನಿಯ ಅರ್ಧ ನೆರಳು ಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ಉಳಿಸಿದ್ದಷ್ಟನ್ನು ಒಂದು ಮಧ್ಯಾಹ್ನದಲ್ಲಿ ತಾನೇ ಕೈಯಾರೆ ಕಡಿಸಿದಂತೆ. ಟೊಳ್ಳೇನೂ ಅಷ್ಟು ಇಲ್ಲ ಎಂದು ಬರೆದುಬಿಟ್ಟರೆ? ಮನೆಯೂ ಉಳಿಯಿತು, ಮರವೂ ಉಳಿಯಿತು, ಮುಂದಿನ ದೊಡ್ಡ ಗಾಳಿಯವರೆಗೆ. ಆ ಯೋಚನೆ ಬಂದಿದ್ದಕ್ಕೇ ಅವನಿಗೆ ಅಸಹ್ಯವಾಯಿತು.

ಜಾಲರಿ ಬಾಗಿಲು ಈ ಸಲ ಪೂರ್ತಿ ತೆರೆಯಿತು. ವಾನೀಟಾಳಿಗಿಂತ ತುಸು ಸಣ್ಣವಳಾದ, ಬಿಳಿ ಕೂದಲನ್ನು ರಬ್ಬರ್ ಬ್ಯಾಂಡಿನಲ್ಲಿ ಬಿಗಿದ ಹೆಂಗಸು ಮಡಚುವ ಕುರ್ಚಿಯೊಂದನ್ನು ಎಳೆದುಕೊಂಡು ಹೊರಗೆ ಬಂದಳು. ಮನೆಯೊಳಗಿನ ಮೆತ್ತನೆ ಚಪ್ಪಲಿಯಲ್ಲೇ ಕೆಸರು ತುಳಿದಳು. ವಾನೀಟಾ ಗಾಬರಿಯಿಂದ ಅರ್ಧ ಎದ್ದಳು.

“ಆರ್ಲೀನ್, ಎಲ್ಲಿಗೇ?”

ಆರ್ಲೀನ್ ಕತ್ತೆತ್ತಿ ಕೊಂಬೆಗಳನ್ನು ನೋಡಿದಳು. ಎಲ್ಲಕ್ಕಿಂತ ದಪ್ಪ ಕೊಂಬೆಯ ನೇರ ಕೆಳಗೆ ಕುರ್ಚಿ ಬಿಡಿಸಿ, ಅದು ಕೆಸರಲ್ಲಿ ಊರುವಂತೆ ಅಲ್ಲಾಡಿಸಿ, ಲೈಲ್‌ನ ಕಡೆ ಮುಖ ಮಾಡಿ ಕೂತಳು.

“ಬಿದ್ರೆ ಇಲ್ಲಿಗೇ ತಾನೇ ಬೀಳೋದು?”

“ಹೌದಮ್ಮ. ದಯವಿಟ್ಟು ಅಲ್ಲಿಂದ ಎದ್ದೇಳಿ.”

“ಹೋದ್ಸಲ ನಾನು ಅಂಗಡಿಗೆ ಹೋದಾಗ ಬಂದು ಬರ್ಕೊಂಡು ಹೋಗಿದ್ದೆ ನೀನು. ನನ್ನ ಮುಖಾನೂ ನೋಡಿರ್ಲಿಲ್ಲ.” ಅವಳ ದನಿ ಮೆಲ್ಲಗಿತ್ತು, ಆದರೆ ಅಲುಗುತ್ತಿರಲಿಲ್ಲ. “ಈಗ ನೋಡ್ಕೊಂಡು ಬರಿ.”

ಲೈಲ್ ನೋಡಿದ. ನೋಡುವುದು ಸುಲಭವಾಗಿರಲಿಲ್ಲ. ಆಮೇಲೆ ಹಾಳೆಗೆ ಬಗ್ಗಿ ‘ಆಗುವುದಿಲ್ಲ’ ಎಂಬ ಚೌಕದೊಳಗೆ, ಗೆರೆ ಹೊರಗೆ ಹೋಗದಂತೆ, ನಿಧಾನಕ್ಕೆ ಟಿಕ್ ಹಾಕಿದ. ಗುರಿ ಎಂಬಲ್ಲಿ ‘ವಾಸದ ಟ್ರೇಲರ್, ಒಂದು’ ಎಂದು ಬರೆಯಲು ಹೋಗಿ ತಡೆದ.

“ನಿಮ್ಮ ಪೂರ್ತಿ ಹೆಸರು ಹೇಳಿ,” ಅಂದ.

“ನೋಟೀಸು ಕಳಿಸೋಕಾ?”

“ಅಲ್ಲ. ಇಲ್ಲಿ ಬರೆಯೋಕೆ.”

“ಆರ್ಲೀನ್ ಮೇ ಸ್ಟಿಡಮ್,” ಎಂದಳು. ಅವನು ಬರೆದ. ಅದರ ಕೆಳಗೆ ವಾನೀಟಾ ಪ್ರೂಯಿಟ್ ಎಂದೂ ಬರೆದು ಸಹಿ ಹಾಕಿದ.

ಕೆಂಪು ಬಣ್ಣದ ಡಬ್ಬಿ ಅಲ್ಲಾಡಿಸಿ ಕಾಂಡದ ಮೇಲೆ ದೊಡ್ಡ ಚುಕ್ಕೆ ಹೊಡೆದ. ಮೆಟ್ಟಿಲ ಮೇಲಿಂದ ವಾನೀಟಾ ಎದ್ದು ಬಂದಳು.

“ಅದೇನದು?”

“ಮರ ಹೋಗುತ್ತೆ. ಮನೆ ಇಲ್ಲೇ ಇರುತ್ತೆ. ಇನ್ನು ಕಂಪನಿಯವರು ನನ್ನ ಹಾಳೆ ತೋರಿಸಿ ನಿಮ್ಮನ್ನ ಎಬ್ಬಿಸೋಕಾಗಲ್ಲ.”

ವಾನೀಟಾ ಚುಕ್ಕೆಯನ್ನು ನೋಡುತ್ತ ನಿಂತಳು. “ಈ ಮರ ಇಲ್ದಿದ್ರೆ ಜುಲೈ ತಿಂಗಳಲ್ಲಿ ಈ ತಗಡಿನ ಡಬ್ಬೀಲಿ ಬೆಂದು ಹೋಗ್ತೀವಿ ನಾವು. ನನ್ನ ಗಂಡ ನೀರು ಹಾಕಿದ್ದ ಮರ ಇದು.”

“ಗೊತ್ತು.”

“ಏನೂ ಗೊತ್ತಿಲ್ಲ ನಿನಗೆ! ಥ್ಯಾಂಕ್ಸ್ ಹೇಳ್ಬೇಕು ಅಂತ ಕಾಯ್ತಿದೀಯಾ?”

“ಇಲ್ಲಮ್ಮ.”

“ಕಾಯ್ಬೇಡ. ಹೋಗು.”

ಲೈಲ್ ಕೊಡತಿ, ಟೇಪು, ಬಿಲ್ಲೆಗಳ ಚೀಲ ಎತ್ತಿಕೊಂಡ. ಗಡಿಯಾರ ನೋಡಿದ. ಎರಡು ಗಂಟೆಗೆ ಹತ್ತು ನಿಮಿಷ ಇತ್ತು. ಐದರೊಳಗೆ ಮೂವತ್ತಮೂರು ಮರ, ಮೂವತ್ತಮೂರು ಬಾಗಿಲು. ಹಿಂದೆ ಆರ್ಲೀನ್ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಕೆಂಪು ಚುಕ್ಕೆಗೆ ಬೆನ್ನು ಹಾಕಿ, ಕಾಲು ಚಾಚಿ, ಎಲೆಗಳ ನಡುವಿಂದ ಬೀಳುತ್ತಿದ್ದ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೂತಿದ್ದಳು. ವಾನೀಟಾ ಇನ್ನೊಂದು ಕುರ್ಚಿ ತರಲು ಒಳಗೆ ಹೋದಳು.

ಪಕ್ಕದ ಮನೆಯ ಅಂಗಳದಲ್ಲಿ ಬನಿಯನ್ ತೊಟ್ಟ ದಪ್ಪನೆಯ ಮನುಷ್ಯ ಕೆಂಪು ಚುಕ್ಕೆಯನ್ನು ನೋಡಿ ಏನೋ ಬೈದುಕೊಂಡು, ಆಗಲೇ ತನ್ನ ನಲ್ಲಿಯ ಕಡೆಗೆ ಹೊರಟಿದ್ದ. ಅವನ ಪೈಪು ನೀರು ತುಂಬಿ ಒಮ್ಮೆ ಹೊರಳಿ ಬಿಗಿಯಾಯಿತು. ಲೈಲ್ ಬರೆದ ಹಾಳೆಯನ್ನು ಹಲಗೆಯಿಂದ ಬಿಡಿಸಿ, ಮಡಿಸಿ, ನೀರು ತಾಗದಂತೆ ಅಂಗಿಯೊಳಗೆ ಎದೆಗೆ ಒತ್ತಿ ಇಟ್ಟುಕೊಂಡ. ಕುತ್ತಿಗೆಯವರೆಗೂ ಗುಂಡಿ ಹಾಕಿದ. ಮುಂದಿನ ಮರದ ಕಡೆ ನಡೆದ.